ಸೂರಿನಡಿಯ ಸಸಿಮಡಿ: ಒಂದು ಚಾರಿತ್ರಿಕ ವಿವೇಚನೆ

೧

ಕೃಷಿಯ ಚರಿತ್ರೆಯನ್ನು ಬರೆಯುವವರ ಗಮನ ಬಹುಮಟ್ಟಿಗೆ ನೇಗಿಲು, ನೀರಾವರಿ, ಭೂಕಂದಾಯಗಳ ಕಡೆಗೆ ಹರಿಯುತ್ತದೆ. ಬೀಜವು ಹೊಲವನ್ನೋ ತೋಟವನ್ನೋ ಸೇರುವುದಕ್ಕೆ ಮೊದಲಿನ ಕೆಲವು ವಾರಗಳ ವೃತ್ತಾಂತವು ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲಿ ಮುಗಿದುಹೋಗುತ್ತದೆ. ಆದರೆ ಶೀತದೇಶಗಳಲ್ಲಿ ಬೆಳೆಯ ಭವಿಷ್ಯವನ್ನು ನಿರ್ಧರಿಸುವುದು ಈ ಕೆಲವು ವಾರಗಳೇ. ಅಲ್ಲಿ ನೆಲ ಹೆಪ್ಪುಗಟ್ಟದ ದಿನಗಳು ಪರಿಮಿತವಾದವು. ಟೊಮೆಟೊ, ಬದನೆ, ಮೆಣಸಿನಕಾಯಿಗಳಂಥ ಉಷ್ಣಪ್ರಿಯ ಸಸ್ಯಗಳು ಬಯಲಿನಲ್ಲಿಯೇ ಹುಟ್ಟಿ, ಬೆಳೆದು, ಫಲಕೊಡುವಷ್ಟು ಅವಧಿ ದೊರೆಯುವುದು ಕಷ್ಟ. ಆದ್ದರಿಂದ ಚಳಿ ಕಳೆಯುವುದಕ್ಕೆ ಆರೆಂಟು ವಾರ ಮುಂಚೆಯೇ ಬೀಜವನ್ನು ಸೂರಿನಡಿಯಲ್ಲಿ ಬಿತ್ತಿ, ಸಸಿಯನ್ನು ಅಲ್ಲಿಯೇ ಸಾಕಿ, ನೆಲ ಬೆಚ್ಚಗಾದ ಮೇಲೆ ಹೊರಗೆ ನೆಡುವುದು ರೂಢಿಯಾಗಿದೆ. ಉತ್ತರ ಅಮೆರಿಕದ ಚಳಿಪ್ರದೇಶಗಳಲ್ಲಿ ನೆಲಸಿರುವ ನಮ್ಮ ಕನ್ನಡಿಗರೂ ಹೀರೆ, ಸೋರೆ, ಬದನೆಗಳ ಬೀಜವನ್ನು ವಸಂತಕ್ಕೆ ಮುಂಚೆ ಕಿಟಕಿಯ ಬಳಿ ಕುಂಡದಲ್ಲಿಟ್ಟು ಮೊಳೆಯಿಸುವುದುಂಟು.

ಈ ಪದ್ಧತಿಯ ಚರಿತ್ರೆಯನ್ನು ಹೇಳುವಾಗ ಒಂದು ಸಿದ್ಧವಾದ ಮಾರ್ಗವಿದೆ. ರೋಮಿನ ಟೈಬೀರಿಯಸ್ ಚಕ್ರವರ್ತಿಯಿಂದ ಆರಂಭಿಸಿ, ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಅರಮನೆಯ ತೋಟವನ್ನು ಹಾಯ್ದು, ಇಂಗ್ಲೆಂಡಿನ ಭವ್ಯವಾದ ಗಾಜಿನ ಮನೆಗಳಲ್ಲಿ ಮುಗಿಯುವ ಮಾರ್ಗವದು. ಈ ಕಥನದಲ್ಲಿ ಕಾಣುವವರು ಅರಸರು. ಎದ್ದು ತೋರುವ ವಸ್ತು ಗಾಜು. ಆಧಾರಗಳನ್ನು ಸ್ವಲ್ಪ ಎಚ್ಚರದಿಂದ ಓದಿದರೆ ಬೇರೊಂದು ಚಿತ್ರ ದೊರೆಯುತ್ತದೆ. ಸಸಿಯನ್ನು ಚಳಿಯಿಂದ ಕಾಪಾಡಿದ ವಿದ್ಯೆಯಲ್ಲಿ ಗಾಜು ಕಡೆಗೆ ಬಂದ ಉಪಕರಣ. ಗೊಬ್ಬರದ ಕಾವು ಮತ್ತು ಹೆಸರಿಲ್ಲದ ತೋಟಗಾರನ ಕೈ ಅದಕ್ಕಿಂತ ಬಹಳ ಹಿಂದಿನವು. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಚರಿತ್ರೆಯನ್ನು ಪ್ರವೇಶಿಸುವ ಮೊದಲು ಸಸ್ಯಶಾಸ್ತ್ರದ ಒಂದೆರಡು ಸಾಮಾನ್ಯ ಸಂಗತಿಗಳನ್ನು ನೆನೆಯುವುದು ಅವಶ್ಯಕ. ಬೀಜ ಮೊಳೆಯುವುದಕ್ಕೆ ತೇವ, ಗಾಳಿ, ಶಾಖಗಳು ಬೇಕು. ಲೆಟ್ಯೂಸಿನಂಥ ಕೆಲವನ್ನು ಬಿಟ್ಟರೆ ಬಹುಪಾಲು ತರಕಾರಿ ಬೀಜಗಳಿಗೆ ಈ ಹಂತದಲ್ಲಿ ಬೆಳಕಿನ ಅಗತ್ಯವಿಲ್ಲ. ಬೀಜದೊಳಗಿನ ಬುತ್ತಿಯೇ ಸಾಕು. ಮೊಳಕೆ ಮಣ್ಣಿನಿಂದ ಮೇಲೆದ್ದು ಬುತ್ತಿ ತೀರಿದ ಮೇಲೆ ಬೆಳಕು ಅನಿವಾರ್ಯವಾಗುತ್ತದೆ. ಬೆಳಕು ಸಾಲದ ಸಸಿ ಬಿಳಿಚಿಕೊಂಡು, ನೀಳವಾಗಿ ಬೆಳೆದು, ತನ್ನ ಭಾರವನ್ನು ತಾನೇ ತಾಳಲಾರದೆ ಬಾಗುತ್ತದೆ. ಮೂರನೆಯ ಹಂತವೊಂದುಂಟು. ಸೂರಿನಡಿಯಲ್ಲಿ ಬೆಳೆದ ಸಸಿಯನ್ನು ಒಮ್ಮೆಗೇ ಬಯಲಿಗೆ ತಂದರೆ ಗಾಳಿ, ಬಿಸಿಲು, ರಾತ್ರಿಯ ಚಳಿಗಳಿಗೆ ಅದು ಸೊರಗುತ್ತದೆ. ಹಗಲು ಹೊರಗಿಟ್ಟು ರಾತ್ರಿ ಒಳಗೆ ತರುತ್ತ ಕೆಲವು ದಿನ ಅದನ್ನು ಒಗ್ಗಿಸಬೇಕು.

ಹೀಗೆ ಕಾವು, ಬೆಳಕು, ಒಗ್ಗಿಸುವಿಕೆ ಎಂಬ ಮೂರು ಕೆಲಸಗಳಾದವು. ಮೊದಲನೆಯದಕ್ಕೆ ಬೆಂಕಿ ಅಥವಾ ಗೊಬ್ಬರ ಬೇಕು. ಎರಡನೆಯದಕ್ಕೆ ಬೆಳಕನ್ನು ಬಿಟ್ಟು ಚಳಿಯನ್ನು ತಡೆಯುವ ಹೊದಿಕೆ ಬೇಕು. ಮೂರನೆಯದಕ್ಕೆ ಬೇಕಾದುದು ಮನುಷ್ಯಶ್ರಮ. ಯಾವ ದೇಶದಲ್ಲಿ, ಯಾವ ಕಾಲದಲ್ಲಿ, ಈ ಮೂರರ ವೆಚ್ಚವನ್ನು ಯಾರು ಭರಿಸಿದರು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಚದುರಿದ ಆಧಾರಗಳು ಒಂದು ಕ್ರಮಕ್ಕೆ ಬರುತ್ತವೆ.

೩

ಚೀನದ ಹಾನ್ ವಂಶದ ಇತಿಹಾಸಗ್ರಂಥದಲ್ಲಿ ಒಂದು ಗಮನಾರ್ಹ ಪ್ರಸ್ತಾಪವಿದೆ. ಯುವಾನ್ ಚಕ್ರವರ್ತಿಯ ಆಳ್ವಿಕೆಯ ಕಡೆಯಲ್ಲಿ, ಎಂದರೆ ಕ್ರಿ.ಪೂ. ೩೩ರ ಸುಮಾರಿನಲ್ಲಿ, ಅರಮನೆಯ ಅಡುಗೆಯ ತೋಟದಲ್ಲಿ ಈರುಳ್ಳಿಯ ಜಾತಿಯ ಸೊಪ್ಪುಗಳನ್ನೂ ಇತರ ತರಕಾರಿಗಳನ್ನೂ ಚಳಿಗಾಲದಲ್ಲಿ ಬೆಳೆಯುತ್ತಿದ್ದರು. ಪಾತಿಗಳ ಮೇಲೆ ಮಾಡು ಹೊದಿಸಿ, ಹಗಲಿರುಳೂ ಬೆಂಕಿಯುರಿಸಿ, ಗಾಳಿ ಬೆಚ್ಚಗಾದ ಮೇಲೆ ಗಿಡ ಚಿಗುರುತ್ತಿತ್ತಂತೆ. ಅರಮನೆಯ ಬೊಕ್ಕಸದ ಮಂತ್ರಿಯಾಗಿದ್ದ ಶಾವ್ ಶಿನ್‌ಚೆನ್ ಎಂಬಾತ, ಇವು ಕಾಲವಲ್ಲದ ಕಾಲದ ಪದಾರ್ಥಗಳು, ದೇಹಕ್ಕೆ ಹಾನಿಕರವಾದವು, ಅರಸನ ಊಟಕ್ಕೆ ಸಲ್ಲವು ಎಂದು ಬಿನ್ನವಿಸಿ ಈ ಏರ್ಪಾಟನ್ನು ನಿಲ್ಲಿಸಿದನು. ಇಂಥವೇ ಇತರ ಪದಾರ್ಥಗಳೂ ಸೇರಿ ವರ್ಷಕ್ಕೆ ಹಲವು ಕೋಟಿ ನಾಣ್ಯಗಳ ಉಳಿತಾಯವಾಯಿತೆಂದು ಗ್ರಂಥ ಹೇಳುತ್ತದೆ.

ಇದೇ ಶಾವ್ ಶಿನ್‌ಚೆನ್ ಹಿಂದೆ ನಾನ್‌ಯಾಂಗ್ ಪ್ರಾಂತದ ಅಧಿಕಾರಿಯಾಗಿದ್ದಾಗ ಕಾಲುವೆಗಳನ್ನೂ ತೂಬುಗಳನ್ನೂ ಕಟ್ಟಿಸಿ ರೈತರಿಂದ ತಂದೆಯೆನಿಸಿಕೊಂಡವನು ಎಂಬುದನ್ನು ಮರೆಯಬಾರದು. ನೀರಿಗಾಗಿ ರಾಜ್ಯದ ಹಣವನ್ನು ವ್ಯಯಿಸಿದವನೇ ಬೆಂಕಿಗಾಗಿ ವ್ಯಯವಾಗುತ್ತಿದ್ದ ಹಣವನ್ನು ನಿಲ್ಲಿಸಿದನು. ಅವನು ಬಳಸಿದ ಭಾಷೆ ಪಥ್ಯಾಪಥ್ಯದ್ದು; ಅದರ ಹಿಂದಿನ ಲೆಕ್ಕಾಚಾರ ಬೊಕ್ಕಸದ್ದು. ಹಗಲಿರುಳೂ ಉರಿಯುವ ಬೆಂಕಿಗೆ ಸೌದೆ ಬೇಕು, ಸೌದೆಯನ್ನು ಒಟ್ಟುವ ಆಳು ಬೇಕು. ಕಾವನ್ನು ಬೆಂಕಿಯಿಂದಲೇ ಪಡೆಯಬೇಕಾದಷ್ಟು ಕಾಲ ಚಳಿಗಾಲದ ತರಕಾರಿ ಅರಸನ ತಟ್ಟೆಯನ್ನು ಬಿಟ್ಟು ಕೆಳಗಿಳಿಯುವ ಸಂಭವ ಕಡಮೆ.

೪

ರೋಮಿನ ಆಧಾರಗಳು ಇದಕ್ಕೆ ಹೆಚ್ಚುಕಡಮೆ ಒಂದು ಶತಮಾನ ಈಚಿನವು. ಟೈಬೀರಿಯಸ್ ಆಳಿದ್ದು ಕ್ರಿ.ಶ. ೧೪ರಿಂದ ೩೭ರ ವರೆಗೆ. ಅವನಿಗೆ ಸೌತೆಯ ಜಾತಿಯ ಕಾಯಿಯೊಂದರ ಮೇಲೆ ಬಹಳ ಆಸೆಯೆಂದೂ, ಅದಿಲ್ಲದೆ ಒಂದು ದಿನವೂ ಕಳೆಯುತ್ತಿರಲಿಲ್ಲವೆಂದೂ ಹಿರಿಯ ಪ್ಲಿನಿ ಬರೆದಿದ್ದಾನೆ. ತೋಟಗಾರರು ಪಾತಿಗಳನ್ನು ಚಕ್ರಗಳ ಮೇಲೆ ನಿಲ್ಲಿಸಿ, ಬಿಸಿಲಿದ್ದಾಗ ಹೊರಗೆ ತಳ್ಳಿ, ಚಳಿಯ ದಿನಗಳಲ್ಲಿ ಪಾರದರ್ಶಕ ಫಲಕಗಳ ಮರೆಗೆ ಎಳೆದುಕೊಳ್ಳುತ್ತಿದ್ದರು. ಈ ಫಲಕಗಳನ್ನು ಗಾಜೆಂದು ಅನೇಕರು ಬರೆಯುತ್ತಾರೆ. ಆದರೆ ‘ಸ್ಪೆಕುಲೇರಿಯ’ ಎಂಬ ಮಾತು ಮೂಲತಃ ಸೂಚಿಸುವುದು ತೆಳುವಾದ ಹಾಳೆಗಳಾಗಿ ಸೀಳಿಕೊಳ್ಳುವ ಒಂದು ಜಾತಿಯ ಜಿಪ್ಸಮ್ ಶಿಲೆಯ ಫಲಕಗಳನ್ನು. ಸ್ಪೇನಿನ ಗಣಿಗಳು ಅದಕ್ಕೆ ಪ್ರಸಿದ್ಧವಾಗಿದ್ದುವು. ಕಾಯಿಯ ವಿಷಯದಲ್ಲಿಯೂ ಇಂಥ ತಿದ್ದುಪಡಿ ಆವಶ್ಯಕ. ಪ್ರಾಚೀನ ಚಿತ್ರಗಳನ್ನೂ ಗ್ರಂಥಗಳನ್ನೂ ಹೋಲಿಸಿ ನೋಡಿದ ಈಚಿನ ಸಸ್ಯವಿಜ್ಞಾನಿಗಳು, ಟೈಬೀರಿಯಸ್ ತಿನ್ನುತ್ತಿದ್ದುದು ನಾವು ಬಲ್ಲ ಸೌತೆಯಲ್ಲ, ಕರ್ಬೂಜದ ಜಾತಿಗೆ ಸೇರಿದ ಹಾವಿನಂತೆ ನೀಳವಾದ ಕಾಯಿ ಎಂದು ತೋರಿಸಿಕೊಟ್ಟಿದ್ದಾರೆ. ಭಾರತ ಮೂಲದ ಸೌತೆ ಯೂರೋಪನ್ನು ಸೇರಿದ್ದು ಮಧ್ಯಯುಗದಲ್ಲಿ.

ಪ್ಲಿನಿಗಿಂತ ಕೃಷಿಕನಾದ ಕೊಲ್ಯುಮೆಲ್ಲನ ಬರಹ ನಮಗೆ ಹೆಚ್ಚು ಉಪಯುಕ್ತ. ಕೃಷಿಯನ್ನು ಕುರಿತ ಅವನ ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಇದೇ ವಿಧಾನ ಬರುತ್ತದೆ: ಗೊಬ್ಬರ ಬೆರೆಸಿದ ಮಣ್ಣನ್ನು ಬುಟ್ಟಿಗಳಲ್ಲಿ ತುಂಬಿ, ಬೀಜ ಬಿತ್ತಿ, ಹಿತವಾದ ದಿನಗಳಲ್ಲಿ ಹೊರಗಿಟ್ಟು, ಚಳಿಯಾದಾಗ ಮಾಡಿನಡಿಗೆ ತರುವುದು, ಹೊದಿಕೆಗೆ ಪಾರದರ್ಶಕ ಫಲಕವನ್ನು ಬಳಸುವುದು, ಶ್ರಮ ಕಡಮೆಯಾಗಲೆಂದು, ಅಷ್ಟು ಖರ್ಚು ಮಾಡುವುದು ಸಾರ್ಥಕವೆನಿಸಿದರೆ, ದೊಡ್ಡ ಪಾತ್ರೆಗಳಿಗೆ ಚಕ್ರ ಜೋಡಿಸುವುದು. ಟೈಬೀರಿಯಸನಿಗೆ ವರ್ಷದ ಬಹುಭಾಗ ಕಾಯಿ ಒದಗುತ್ತಿದ್ದುದು ಈ ರೀತಿಯಿಂದಲೇ ಎಂದು ಅವನೂ ಹೇಳುತ್ತಾನೆ. ಇಲ್ಲಿ ಚಕ್ರವನ್ನು ಅರಸನ ವಿಲಾಸದ ಕುರುಹೆಂದು ಭಾವಿಸುವುದಕ್ಕಿಂತ ಆಳಿನ ಬೆನ್ನಿನ ಹೊರೆಯ ಲೆಕ್ಕವೆಂದು ಓದುವುದು ಯುಕ್ತ. ನಾವು ಮೇಲೆ ಒಗ್ಗಿಸುವಿಕೆ ಎಂದು ಕರೆದ ಮೂರನೆಯ ಕೆಲಸವೇ ಇದು: ಪ್ರತಿದಿನ ಯಾರೋ ಹೊರಗೆ ತಳ್ಳಬೇಕು, ಯಾರೋ ಒಳಗೆ ಎಳೆಯಬೇಕು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ರೋಮಿನಲ್ಲಿಯೂ ಇದಕ್ಕೆ ಆಕ್ಷೇಪಣೆ ಹುಟ್ಟಿತು. ಚಳಿಗಾಲದಲ್ಲಿ ಗುಲಾಬಿಯನ್ನು ಬಯಸಿ ಬಿಸಿನೀರಿನ ಕಾವಿನಿಂದ ಹೂ ಅರಳಿಸುವವರು ನಿಸರ್ಗಕ್ಕೆ ವಿರುದ್ಧವಾಗಿ ಬಾಳುವವರೆಂದು ಸೆನೆಕ ಜರೆದನು. ಮಾರ್ಷಿಯಲ್ ಕವಿಯ ವಿಡಂಬನೆ ಇನ್ನೂ ಹರಿತವಾದುದು. ಧನಿಕನೊಬ್ಬ ತನ್ನ ಹಣ್ಣಿನ ಗಿಡಗಳಿಗೆ ಚಳಿ ತಾಕದಂತೆ ಪಾರದರ್ಶಕ ಫಲಕಗಳನ್ನು ಹಾಕಿಸಿದ್ದಾನೆ. ಅತಿಥಿಯಾದ ಕವಿಗೆ ಕೊಟ್ಟಿರುವ ಕೊಠಡಿಯ ಕಿಟಕಿಯಾದರೋ ಗಾಳಿಯನ್ನೂ ತಡೆಯದು. ಹಾಗಾದರೆ ಗಿಡಗಳ ಅತಿಥಿಯಾಗಿರುವುದೇ ಲೇಸು ಎಂಬುದು ಅವನ ಮಾತಿನ ತಾತ್ಪರ್ಯ. ಸೆನೆಕನದು ನೀತಿಬೋಧೆ, ಮಾರ್ಷಿಯಲನದು ಹಾಸ್ಯ, ಶಾವ್ ಶಿನ್‌ಚೆನ್ನನದು ಆಯವ್ಯಯ. ಮೂವರೂ ಒಂದೇ ಸಂಗತಿಗೆ ಸಾಕ್ಷಿಗಳು: ಋತುವನ್ನು ಹಿಂದುಮುಂದು ಮಾಡುವ ಶಕ್ತಿ ಅಂದು ಕೆಲವರ ಸೊತ್ತಾಗಿತ್ತು.

೫

ಬೆಳಕಿಗೆ ಗಾಜೇ ಆಗಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ರೋಮಿನ ಶಿಲೆ ಒಂದು ನಿದರ್ಶನವಾದರೆ, ಕೊರಿಯದ ಎಣ್ಣೆಕಾಗದ ಮತ್ತೊಂದು. ಹದಿನೈದನೆಯ ಶತಮಾನದ ಮಧ್ಯಭಾಗದಲ್ಲಿ, ೧೪೫೦ರ ಸುಮಾರಿಗೆ, ಅರಮನೆಯ ವೈದ್ಯನಾಗಿದ್ದ ಜನ್ ಸುನ್‌ಉಯಿ ಎಂಬಾತ ‘ಸಾನ್‌ಗಾಯೊರೋಕ್’ ಎಂಬ ಗ್ರಂಥವನ್ನು ರಚಿಸಿದನು. ೨೦೦೧ರಲ್ಲಿ ಬೆಳಕಿಗೆ ಬಂದ ಇದರ ಪ್ರತಿಯಲ್ಲಿ ಚಳಿಗಾಲದಲ್ಲಿ ತರಕಾರಿ ಬೆಳೆಯುವ ಮನೆಯ ವರ್ಣನೆಯಿದೆ. ಮೂರು ಕಡೆ ಮಣ್ಣಿನ ಗೋಡೆ. ದಕ್ಷಿಣಕ್ಕೆ ಎಣ್ಣೆ ಸವರಿದ ಕಾಗದದ ಕಿಟಕಿಗಳು. ನೆಲದಡಿಯಲ್ಲಿ ಒಲೆಯ ಬಿಸಿ ಹೊಗೆ ಹಾಯುವ ನಾಳಗಳು. ಅದರ ಮೇಲೆ ಒಂದೂವರೆ ಅಡಿ ಮಣ್ಣು. ಕೊರಿಯದ ಸಾಮಾನ್ಯ ಗೃಹಗಳಲ್ಲಿ ಜನ ಮಲಗುತ್ತಿದ್ದ ಬೆಚ್ಚನೆಯ ನೆಲದ ಮೇಲೆಯೇ ಸಸಿಗೂ ಜಾಗ ಮಾಡಿಕೊಟ್ಟ ಈ ಯುಕ್ತಿ ಮೆಚ್ಚತಕ್ಕದ್ದು. ಕಾವನ್ನೂ ಬೆಳಕನ್ನೂ ಒಂದೇ ಕಟ್ಟಡದಲ್ಲಿ ಸಮನ್ವಯಗೊಳಿಸಿದ ಈ ಏರ್ಪಾಟಿನಲ್ಲಿ ಗಾಜಿನ ಒಂದು ಚೂರೂ ಇಲ್ಲ.

ಯೂರೋಪಿನಲ್ಲಿ ಹದಿನೇಳನೆಯ ಶತಮಾನದ ಹೊತ್ತಿಗೆ ಕುದುರೆಯ ಲದ್ದಿಯನ್ನು ರಾಶಿಹಾಕಿ ಅದರ ಕಾವಿನಿಂದ ಸಸಿ ಎಬ್ಬಿಸುವ ಬಿಸಿಮಡಿಯ ಪದ್ಧತಿ ಚೆನ್ನಾಗಿ ಬೇರೂರಿತ್ತು. ಹಸಿ ಲದ್ದಿಯೂ ಹುಲ್ಲೂ ಸೇರಿದ ರಾಶಿಯಲ್ಲಿ ಸೂಕ್ಷ್ಮಜೀವಿಗಳು ವೃದ್ಧಿಯಾಗಿ, ಮೊದಲ ಕೆಲವು ದಿನ ಅದರ ಉಷ್ಣತೆ ೬೦ ಡಿಗ್ರಿ ಸೆಂಟಿಗ್ರೇಡನ್ನೂ ಮೀರಬಹುದು. ಆ ಉಬ್ಬರ ಇಳಿದು ಹದವಾದ ಕಾವು ನಿಂತ ಮೇಲೆ ಮಣ್ಣು ಹರಡಿ ಬೀಜ ಹಾಕಬೇಕು. ಆತುರಪಟ್ಟರೆ ಬೀಜ ಬೇಯುತ್ತದೆ, ತಡಮಾಡಿದರೆ ಕಾವು ಆರುತ್ತದೆ. ಈ ಹದವನ್ನು ತೋಟಗಾರರು ಉಷ್ಣಮಾಪಕವಿಲ್ಲದೆ, ರಾಶಿಯೊಳಗೆ ಕೈಯನ್ನೋ ಕೋಲನ್ನೋ ತೂರಿ ಅರಿಯುತ್ತಿದ್ದರು. ಇಂಗ್ಲೆಂಡಿನ ಜಾನ್ ಎವಲಿನ್ ೧೬೬೪ರಲ್ಲಿ ಪ್ರಕಟಿಸಿದ ತೋಟಗಾರರ ಪಂಚಾಂಗದಲ್ಲಿ ಬಿಸಿಮಡಿಯ ಕೆಲಸಕ್ಕೆ ತಿಂಗಳುಗಳು ಗೊತ್ತಾಗಿವೆ. ಫ್ರಾನ್ಸಿನಲ್ಲಿ ೧೬೭೮ರಿಂದ ೧೬೮೩ರ ವರೆಗೆ ವರ್ಸೇಲ್ಸಿನ ಅಡುಗೆಯ ತೋಟವನ್ನು ನಿರ್ಮಿಸಿದ ಲಾ ಕ್ಯಾಂಟಿನಿ, ಡಿಸೆಂಬರಿನಲ್ಲಿ ಶತಾವರಿಯ ಜಾತಿಯ ಎಳೆಚಿಗುರನ್ನೂ ಏಪ್ರಿಲಿನಲ್ಲಿ ಬಟಾಣಿಯನ್ನೂ ಅರಸನಿಗೆ ಒದಗಿಸಿದುದಕ್ಕಾಗಿ ಹೆಮ್ಮೆಪಟ್ಟುಕೊಂಡನು. ಅವನ ಹೆಮ್ಮೆಗೆ ಅರಮನೆಯ ಪೋಷಣೆ ಎಷ್ಟು ಕಾರಣವೋ ಕುದುರೆಲಾಯದ ಲದ್ದಿಯೂ ಅಷ್ಟೇ ಕಾರಣ.

೬

ಲದ್ದಿಗೆ ಒಂದು ವಿಶೇಷ ಗುಣವುಂಟು. ಸೌದೆಯಂತೆ ಅದನ್ನು ಕಾಡಿನಿಂದ ಕಡಿದು ತರಬೇಕಾಗಿಲ್ಲ. ಊರು ದೊಡ್ಡದಾದಷ್ಟೂ, ಬಂಡಿಗಳು ಹೆಚ್ಚಿದಷ್ಟೂ, ಅದು ತಾನಾಗಿಯೇ ಹೆಚ್ಚುತ್ತದೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ಸಂಭವಿಸಿದ್ದು ಇದೇ. ನಗರದ ಅಂಚಿನಲ್ಲಿದ್ದ ಮಾರುಕಟ್ಟೆಯ ತೋಟಗಾರರು ನಗರದ ಕುದುರೆಗಳ ಲದ್ದಿಯನ್ನು ಕೊಂಡು, ಬಿಸಿಮಡಿ ಮಾಡಿ, ಮೇಲೆ ಗಾಜಿನ ಚೌಕಟ್ಟುಗಳನ್ನೋ, ಸುಮಾರು ೪೦ ಸೆಂಟಿಮೀಟರ್ ಅಡ್ಡಳತೆಯ ಗಂಟೆಯಾಕಾರದ ಗಾಜಿನ ಮುಚ್ಚಳಗಳನ್ನೋ ಹೊದಿಸಿ, ಚಳಿಗಾಲದಲ್ಲಿಯೂ ಎಳೆಯ ಸೊಪ್ಪು ಮೂಲಂಗಿಗಳನ್ನು ಪೇಟೆಗೆ ಕಳುಹಿಸಿದರು. ೧೮೪೫ರಲ್ಲಿ ಮೊರೋ ಮತ್ತು ದಾವರ್ನ್ ಎಂಬಿಬ್ಬರು ಈ ಕಸುಬಿನ ಕೈಪಿಡಿಯನ್ನು ಪ್ರಕಟಿಸಿದರು. ಅವರಿಬ್ಬರೂ ಸ್ವತಃ ಈ ಕಸುಬಿನವರೇ. ರೋಮಿನಲ್ಲಿ ಚಕ್ರದ ಪಾತಿಯನ್ನು ತಳ್ಳುತ್ತಿದ್ದವನು ಮೌನವಾಗಿದ್ದನು. ಇಲ್ಲಿ ಅದೇ ವರ್ಗದವನು ಲೇಖನಿ ಹಿಡಿದಿದ್ದಾನೆ. ಈ ವಿದ್ಯೆಯ ಚರಿತ್ರೆಯಲ್ಲಿ ಇದು ಒಂದು ಮುಖ್ಯವಾದ ತಿರುವು.

ಈ ತೋಟಗಾರರ ಜೀವನ ಸುಖದ್ದಾಗಿರಲಿಲ್ಲ. ಹಿಮದ ರಾತ್ರಿಗಳಲ್ಲಿ ಎದ್ದು ಗಾಜಿನ ಮೇಲೆ ಹುಲ್ಲುಚಾಪೆ ಹೊದಿಸಬೇಕು, ಬಿಸಿಲೇರಿದಾಗ ಪ್ರತಿಯೊಂದು ಮುಚ್ಚಳವನ್ನೂ ತುಸು ಎತ್ತಿ ಕೋಲು ಕೊಡಬೇಕು. ಆದರೆ ಅವರ ಪಾಲಿಗೆ ಒಂದು ಸಂಪತ್ತಿತ್ತು, ಅದು ಮಣ್ಣು. ವರ್ಷವರ್ಷವೂ ಹಳೆಯ ಬಿಸಿಮಡಿಗಳು ಕರಗಿ ಕಪ್ಪನೆಯ ಫಲವತ್ತಾದ ಮಣ್ಣಾಗುತ್ತಿದ್ದುವು. ತೋಟವನ್ನು ಗೇಣಿಗೆ ಹಿಡಿಯುವಾಗ, ಬಿಟ್ಟುಹೋಗುವ ಕಾಲಕ್ಕೆ ಇಂತಿಷ್ಟು ಆಳದ ವರೆಗೆ ಮಣ್ಣನ್ನು ತಾನು ಕೊಂಡೊಯ್ಯಬಹುದೆಂಬ ಷರತ್ತನ್ನು ಗೇಣಿದಾರ ಬರೆಯಿಸಿಕೊಳ್ಳುತ್ತಿದ್ದನೆಂದು ಕ್ರೊಪಾಟ್ಕಿನ್ ೧೮೯೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಉಲ್ಲೇಖಿಸಿದ್ದಾನೆ. ಭೂಮಿ ಒಡೆಯನದು, ಮಣ್ಣು ಶ್ರಮಿಕನದು ಎಂಬ ಈ ವಿಭಾಗ ಆರ್ಥಿಕ ಚರಿತ್ರೆಯ ವಿದ್ಯಾರ್ಥಿಗಳು ದೀರ್ಘವಾಗಿ ಆಲೋಚಿಸತಕ್ಕ ವಿಷಯ. ಮೊದಲನೆಯ ಮಹಾಯುದ್ಧದ ತರುವಾಯ ಮೋಟಾರು ವಾಹನಗಳು ಕುದುರೆಗಳನ್ನು ಬೀದಿಯಿಂದ ಹೊರದೂಡಿದಾಗ ಈ ಪದ್ಧತಿಯೂ ಕ್ಷೀಣಿಸಿತು. ಗಾಜು ಹೇರಳವಾಗಿಯೇ ಇತ್ತು, ಇಲ್ಲವಾದದ್ದು ಲದ್ದಿ.

ಗಾಜಿನ ಪಾತ್ರವನ್ನು ನಾವು ಅಲ್ಲಗಳೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ೧೭೪೫ರಲ್ಲಿ ವಿಧಿಸಿದ ಗಾಜಿನ ಸುಂಕ ೧೮೪೫ರಲ್ಲಿ ರದ್ದಾಯಿತು. ೧೬೯೬ರಿಂದ ಜಾರಿಯಲ್ಲಿದ್ದ ಕಿಟಕಿಗಳ ಮೇಲಣ ತೆರಿಗೆ ೧೮೫೧ರಲ್ಲಿ ಕೊನೆಗೊಂಡಿತು. ಅದೇ ವರ್ಷ ಲಂಡನ್ನಿನಲ್ಲಿ ಸುಮಾರು ಮೂರು ಲಕ್ಷ ಗಾಜಿನ ಫಲಕಗಳ ಸ್ಫಟಿಕ ಭವನ ಎದ್ದುನಿಂತಿತು. ಅದನ್ನು ಯೋಜಿಸಿದ ಜೋಸೆಫ್ ಪ್ಯಾಕ್ಸ್‌ಟನ್ ವೃತ್ತಿಯಿಂದ ತೋಟಗಾರ. ಇಷ್ಟರ ಮೇಲೆ, ಗೃಹಸ್ಥನ ಮನೆಯ ಕಿಟಕಿಯ ಕಟ್ಟೆಯೂ ಹಿತ್ತಲಿನ ಗಾಜಿನ ಪೆಟ್ಟಿಗೆಯೂ ಸಸಿಮಡಿಯಾಗುವುದು ಸುಲಭವಾಯಿತು. ಆದರೆ ಗಾಜು ಅಗ್ಗವಾಗುವ ವೇಳೆಗೆ ಸಸಿ ಸಾಕುವ ವಿದ್ಯೆ ಪೂರ್ಣವಾಗಿಯೇ ಬೆಳೆದಿತ್ತು. ಗಾಜು ಅದನ್ನು ಹರಡಿತು, ಹುಟ್ಟಿಸಲಿಲ್ಲ.

೭

ಸೂರಿನಡಿಯ ಸಸಿಮಡಿ ಸಾಮ್ರಾಜ್ಯಗಳ ಕೈಗೆ ಉಪಕರಣವಾದದ್ದೂ ಇದೇ ಕಾಲದಲ್ಲಿ. ಲಂಡನ್ನಿನ ವೈದ್ಯ ನಥೇನಿಯಲ್ ವಾರ್ಡ್ ೧೮೨೯ರಲ್ಲಿ, ಮುಚ್ಚಿದ ಸೀಸೆಯೊಳಗಿನ ತೇವದ ಮಣ್ಣಿನಲ್ಲಿ ಜರೀಗಿಡವೂ ಹುಲ್ಲೂ ತಾವಾಗಿ ಹುಟ್ಟಿದುದನ್ನು ಕಂಡನು. ಒಳಗಿನ ತೇವವೇ ಆವಿಯಾಗಿ ಮತ್ತೆ ನೀರಾಗಿ ಇಳಿಯುವ ಈ ತತ್ತ್ವದಿಂದ ಅವನು ರೂಪಿಸಿದ ಗಾಜಿನ ಪೆಟ್ಟಿಗೆಗಳು ೧೮೩೩ರಲ್ಲಿ ಸಿಡ್ನಿಗೆ ಹಡಗಿನಲ್ಲಿ ಹೋದುವು. ಈಸ್ಟ್ ಇಂಡಿಯ ಕಂಪೆನಿಯ ಪರವಾಗಿ ಚೀನದಿಂದ ಚಹಾವನ್ನು ತಂದ ರಾಬರ್ಟ್ ಫಾರ್ಚೂನ್, ಬೇಗ ಸತ್ತ್ವಗುಂದುವ ಚಹಾಬೀಜವನ್ನು ಈ ಪೆಟ್ಟಿಗೆಗಳ ಮಣ್ಣಿನಲ್ಲಿಯೇ ಬಿತ್ತಿದನು. ಬೀಜಗಳು ಸಮುದ್ರದ ಮೇಲೆ ಮೊಳೆತು ೧೮೫೧ರಲ್ಲಿ ಕಲ್ಕತ್ತವನ್ನು ಸೇರಿದುವು. ೧೮೭೬ರಲ್ಲಿ ಬ್ರೆಜಿಲಿನಿಂದ ಕ್ಯೂ ತೋಟಕ್ಕೆ ಬಂದ ಸುಮಾರು ೭೦,೦೦೦ ರಬ್ಬರ್ ಬೀಜಗಳಲ್ಲಿ ಮೊಳೆತುವು ನೂರಕ್ಕೆ ನಾಲ್ಕರಷ್ಟು ಮಾತ್ರ. ಅವುಗಳಲ್ಲಿ ೧,೯೦೦ಕ್ಕೂ ಹೆಚ್ಚು ಸಸಿಗಳು ೩೮ ಪೆಟ್ಟಿಗೆಗಳಲ್ಲಿ ಸಿಂಹಳಕ್ಕೆ ಹೋದುವು. ಒಂದು ಖಂಡದ ವಾಣಿಜ್ಯ ಇನ್ನೊಂದಕ್ಕೆ ವರ್ಗವಾಗುವುದಕ್ಕೆ ಇಷ್ಟು ಪುಟ್ಟ ಸಸಿಮಡಿ ಸಾಕಾಯಿತು.

೮

ಇಷ್ಟರವರೆಗೆ ನೋಡಿದುದು ಮುಖ್ಯವಾಗಿ ಚಳಿಯನ್ನು ಎದುರಿಸಿದ ದೇಶಗಳ ಕಥೆ. ಹಿಮದ ಭಯವಿಲ್ಲದ ನಮ್ಮ ನಾಡಿನಲ್ಲಿ ಬೀಜಕ್ಕೆ ಸೂರು ಬೇಕಾಗಲಿಲ್ಲವೆ? ಬೇಕಾಗಿತ್ತು ಎಂಬುದಕ್ಕೆ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥ ಸಾಕ್ಷಿ. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಶ್ರೀರಂಗಪಟ್ಟಣದ ಸುತ್ತಿನ ಬೇಸಾಯವನ್ನು ಪರಿಶೀಲಿಸಿದ ಅವನು ಭತ್ತದ ಬಿತ್ತನೆಯ ಮೂರು ಕ್ರಮಗಳನ್ನು ಗುರುತಿಸುತ್ತಾನೆ: ಒಣಬೀಜದ ಬರ ಭತ್ತ, ಮೊಳೆಯಿಸಿದ ಬೀಜದ ಮೊಳೆ ಭತ್ತ, ಸಸಿ ಕಿತ್ತು ನೆಡುವ ನಾಟಿ. ಮೊಳೆ ಭತ್ತಕ್ಕಾಗಿ ಬೀಜವನ್ನು ನೆನೆಯಿಸಿ, ಕೊಳೆತ ಸಗಣಿಯೊಡನೆ ಬೆರೆಸಿ, ಮನೆಯೊಳಗೆ ಗಾಳಿ ತಾಕದ ಮೂಲೆಯಲ್ಲಿ ರಾಶಿಮಾಡಿ, ಮೇಲೆ ಹುಲ್ಲನ್ನೂ ಚಾಪೆಯನ್ನೂ ಹೊದಿಸುತ್ತಿದ್ದರೆಂದು ಅವನು ಬರೆದಿದ್ದಾನೆ. ಗೊಬ್ಬರ, ಹುಲ್ಲು, ಚಾಪೆ: ಪ್ಯಾರಿಸಿನ ತೋಟಗಾರನ ಸಾಮಗ್ರಿಯಲ್ಲಿ ಗಾಜನ್ನು ಕಳೆದರೆ ಉಳಿಯುವುದೂ ಇವೇ. ಮೊಳಕೆ ಒಡೆದ ಮೇಲೆ ನಮ್ಮ ರೈತನಿಗೆ ಗಾಜಿನ ಅವಶ್ಯಕತೆ ಇರಲಿಲ್ಲ. ಬೆಳಕು ಬಯಲಿನಲ್ಲಿಯೇ ಧಾರಾಳವಾಗಿತ್ತು. ರಾಗಿಯ ಒಟ್ಟಲು, ಮಲೆನಾಡಿನ ಭತ್ತದ ಅಗೆಮಡಿ, ಹೊಗೆಸೊಪ್ಪು ಮೆಣಸಿನಕಾಯಿಗಳ ಸಸಿಪಾತಿ ಇವೆಲ್ಲ ಇದೇ ತಿಳಿವಳಿಕೆಯ ರೂಪಗಳು.

೧೮೮೯ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆಯನ್ನು ಕಟ್ಟಲಾಯಿತು. ಸ್ಫಟಿಕ ಭವನದ ಸ್ಫೂರ್ತಿಯಿಂದ ನಿರ್ಮಿತವಾದ ಅದು ಫಲಪುಷ್ಪ ಪ್ರದರ್ಶನಗಳಿಗೆ ಪ್ರಸಿದ್ಧವಾದುದೇ ಹೊರತು ಚಳಿಯಿಂದ ಸಸಿಗಳನ್ನು ಕಾಪಾಡುವ ತಾಣವಾಗಿ ಅಲ್ಲ. ಚಳಿದೇಶದ ಉಪಕರಣ ಇಲ್ಲಿ ಅಲಂಕಾರವಾಯಿತು. ನಮ್ಮ ರೈತನ ಶತ್ರುಗಳು ಬೇರೆ: ಉರಿಬಿಸಿಲು, ಹೊಡೆತದ ಮಳೆ, ರೋಗ ಹರಡುವ ಕೀಟಗಳು. ೧೯೬೭ರಲ್ಲಿ ಹೆಸರಘಟ್ಟದಲ್ಲಿ ತೋಟಗಾರಿಕೆಯ ರಾಷ್ಟ್ರೀಯ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಮುಂದಿನ ದಶಕಗಳಲ್ಲಿ, ದುಬಾರಿಯಾದ ಸಂಕರ ತಳಿಯ ಬೀಜ ಬಳಕೆಗೆ ಬಂದ ಮೇಲೆ, ಒಂದೊಂದು ಬೀಜವೂ ಲೆಕ್ಕಕ್ಕೆ ಬಂದಿತು. ಇಂದು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ನೆರಳುಬಲೆಯ ಮನೆಗಳಲ್ಲಿ, ತೆಂಗಿನ ನಾರಿನ ಪುಡಿ ತುಂಬಿದ ಗುಳಿತಟ್ಟೆಗಳಲ್ಲಿ, ಟೊಮೆಟೊ ಸಸಿಯನ್ನು ಮೂರು ನಾಲ್ಕು ವಾರ ಬೆಳೆಸಿ ರೈತರಿಗೆ ಮಾರುವುದು ಒಂದು ಪ್ರತ್ಯೇಕ ಕಸುಬೇ ಆಗಿದೆ. ಬೀಜ ಬಿತ್ತಿದ ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟಿ, ಮೊಳಕೆ ಕಾಣುವ ವರೆಗೆ ಹಾಳೆ ಹೊದಿಸಿ ಕಾವು ಕೊಡುವ ಅಲ್ಲಿನ ರೂಢಿಗೂ ಬುಕಾನನ್ ಕಂಡ ಮನೆಯ ಮೂಲೆಯ ರಾಶಿಗೂ ತತ್ತ್ವದಲ್ಲಿ ಭೇದವಿಲ್ಲ.

೯

ಈ ವಿವೇಚನೆಯಿಂದ ಎರಡು ವಿಚಾರಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಋತುವನ್ನು ಮೀರುವ ಕೃಷಿ ಅರಸರ ಬಯಕೆಯಿಂದ ಪೋಷಣೆ ಪಡೆದಿದ್ದರೂ ಅದರ ತಿರುಳು ಅರಸರದಲ್ಲ. ಕಾವು ದುಬಾರಿಯಾದ ಬೆಂಕಿಯಿಂದ ಅಗ್ಗವಾದ ಗೊಬ್ಬರಕ್ಕೆ ಇಳಿದಾಗ, ಹೊದಿಕೆ ಶಿಲೆಯಿಂದ ಕಾಗದಕ್ಕೂ ಸುಂಕವಿಲ್ಲದ ಗಾಜಿಗೂ ಬಂದಾಗ, ಆ ವಿದ್ಯೆ ಅರಮನೆಯಿಂದ ಪೇಟೆಗೂ ಪೇಟೆಯಿಂದ ಮನೆಗೂ ನಡೆದುಬಂತು. ಎರಡನೆಯದಾಗಿ, ಹೆಸರಿಲ್ಲದವರ ಚರಿತ್ರೆಗೆ ಆಧಾರಗಳಿಲ್ಲವೆಂಬ ಮಾತು ಪೂರ್ಣ ಸತ್ಯವಲ್ಲ. ಒಬ್ಬ ಮಂತ್ರಿಯ ಮಿತವ್ಯಯದ ಬಿನ್ನಹ, ಒಬ್ಬ ಕವಿಯ ಗೇಲಿ, ಪಾತ್ರೆಗೆ ಜೋಡಿಸಿದ ಚಕ್ರ, ಗೇಣಿಪತ್ರದ ಒಂದು ಷರತ್ತು ಇಂಥವುಗಳಲ್ಲಿ ಅವರ ಹೆಜ್ಜೆಗಳು ಉಳಿದಿರುತ್ತವೆ.

ನಮ್ಮಲ್ಲಿ ಈ ಕೆಲಸ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ. ಬಿತ್ತನೆಯ ಬೀಜವನ್ನು ಯಾವ ಹುಲ್ಲಿನಲ್ಲಿ ಸುತ್ತಬೇಕು, ಎಷ್ಟು ಹೊತ್ತು ನೆನೆಯಿಸಬೇಕು, ಕಾವು ಹದವಾಯಿತೆಂದು ಅಂಗೈಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಬಲ್ಲ ಹಿರಿಯರು, ಅದರಲ್ಲಿಯೂ ಹೆಂಗಸರು, ಇನ್ನೂ ಹಳ್ಳಿಗಳಲ್ಲಿದ್ದಾರೆ. ಒಟ್ಟಲು, ಅಗೆ, ಮಡಿ, ಪಾತಿ ಎಂಬ ಮಾತುಗಳ ವ್ಯಾಪ್ತಿ ಸೀಮೆಯಿಂದ ಸೀಮೆಗೆ ಹೇಗೆ ಬದಲಾಗುತ್ತದೆಂಬುದೂ ಸಂಗ್ರಹಯೋಗ್ಯವಾದ ವಿಷಯ. ಗ್ರಾಮಗಳಿಂದ ಬಂದ ನಮ್ಮ ವಿದ್ಯಾರ್ಥಿಗಳು ರಜದ ದಿನಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿಯೇ ಈ ಸಂಗ್ರಹಕಾರ್ಯವನ್ನು ಕೈಗೊಳ್ಳಬಹುದು. ಗುಳಿತಟ್ಟೆಯ ಸಸಿಯನ್ನು ಕೊಂಡುತರುವ ಕಾಲದಲ್ಲಿ ಹಳೆಯ ಅರಿವು ಒಂದು ತಲೆಮಾರಿನೊಳಗೆ ಮರೆಯಾಗಬಲ್ಲುದು. ಅದು ಮರೆಯಾಗುವ ಮುನ್ನ ಅದನ್ನು ಬರೆದಿಡುವುದು ಚರಿತ್ರೆಯ ಅಭ್ಯಾಸಿಗಳಾದ ನಮ್ಮ ಕರ್ತವ್ಯ.